ಮುಕ್ಕಾಲು ಅಗಲ

ವಿಜಯವಾಡದ ವಿಮಾನ ನಿಲ್ದಾಣವಿರುವ ಗನ್ನವರಂ ಹತ್ತಿರದ ಆ ತರಬೇತಿ ಕೋಣೆಗೆ ಮೂರು ಕಿಟಕಿಗಳಿದ್ದವು. ಮೂರನ್ನೂ ನಾನೇ ಮುಚ್ಚಿಸಿದ್ದೆ. ಬಿಸಿಲು ಬಿದ್ದರೆ ಪ್ರೊಜೆಕ್ಟರಿನ ಚಿತ್ರ ಮಂಕಾಗುತ್ತದೆಂದು ಮೊದಲು ಕಪ್ಪು ಬಟ್ಟೆ ಕಟ್ಟಿಸಿದೆ. ಫ್ಯಾನಿನ ಗಾಳಿಗೆ ಬಟ್ಟೆ ಹಾರುತ್ತದೆಂದು ಅಂಚಿಗೆ ಮೊಳೆ ಹೊಡೆಸಿದೆ. ಹೀಗೆ ಕೈಯಾರೆ ಭದ್ರಪಡಿಸಿಕೊಂಡ ಕತ್ತಲೆಯೊಳಗೆ ಎಂಟು ತಿಂಗಳು ಕೂತಿದ್ದೆ. ಹೊರಗೆ ವಿಮಾನ ಇಳಿಯುವ ಸದ್ದಾದಾಗ ಪಾಠ ನಿಲ್ಲಿಸಬೇಕಾಗುತ್ತಿತ್ತು. ಆ ಹತ್ತು ಸೆಕೆಂಡುಗಳಲ್ಲಿ ನನಗೆ ಬರುತ್ತಿದ್ದ ಯೋಚನೆ ಒಂದೇ: ಅದರೊಳಗೆ ಇರುವವರಲ್ಲಿ ಅರ್ಧದಷ್ಟು ಜನ ಮನೆಗೆ ಬಂದವರು.

ನಾನು ವಿಶಾಖಪಟ್ಟಣದ ಹೊರವಲಯದ ಒಂದು ಔಷಧ ಕಾರ್ಖಾನೆಯಲ್ಲಿ ಹೊಸ ಕೆಲಸಗಾರರಿಗೆ ಪಾಠ ಹೇಳುವವನು. ಕೈ ಹೇಗೆ ತೊಳೆಯಬೇಕು, ತಲೆಗೂದಲು ಹೇಗೆ ಮುಚ್ಚಬೇಕು, ಕೆಟ್ಟ ಮಾತ್ರೆಯನ್ನು ಒಳ್ಳೆಯದರಿಂದ ಹೇಗೆ ಬೇರೆ ಮಾಡಬೇಕು, ಇಂಥವು. ಧಾರವಾಡ ಬಿಟ್ಟು ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ಕಂಪನಿ ವಿಜಯವಾಡದ ಕಡೆ ಒಂದು ಪ್ಯಾಕಿಂಗ್ ಘಟಕ ತೆರೆದಾಗ, ಅಲ್ಲಿ ಪಾಠಗಳನ್ನು ಶುರು ಮಾಡಿಕೊಟ್ಟು ಬಾ ಎಂದು ನನ್ನನ್ನು ಮೂರು ತಿಂಗಳಿಗೆ ಕಳಿಸಿದರು. ಹೆಂಡತಿಯೂ ಹತ್ತನೇ ತರಗತಿಯ ಮಗಳೂ ವಿಶಾಖದಲ್ಲೇ ಉಳಿದರು. ನಾನು ವಿಜಯವಾಡದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಅದಕ್ಕೂ ಒಂದು ಕಿಟಕಿ ಇತ್ತು, ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತಿತ್ತು.

ಮೂರು ತಿಂಗಳು ಎಂಟಾದ ಮೇಲೆ ಹೆಂಡತಿ ಫೋನಿನಲ್ಲಿ ಕೇಳಿದಳು: "ನಿಮ್ಮ ಮೂರು ತಿಂಗಳನೂ ಜಗ್ಗಿ ಅಗಲ ಮಾಡ್ಯಾರೇನ್ರಿ?"

ಈ ಮಾತಿನಲ್ಲಿ ಒಂದು ಚುಚ್ಚು ಇತ್ತು. ಅದು ಅರ್ಥವಾಗಬೇಕಾದರೆ ಆರು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮ ಪಾಠದ ಪುಟಗಳೆಲ್ಲ ಹಳೆಯ ಆಕಾರದವು, ಅಂದರೆ ಹಳೆಯ ಕಾಲದ ಟೀವಿಯ ಹಾಗೆ ಸುಮಾರು ಚೌಕ. ವಿಶಾಖದ ಕೋಣೆಗೆ ಹೊಸ ಪ್ರೊಜೆಕ್ಟರ್ ಬಂದಾಗ ಅದು ಈಗಿನ ಆಕಾರದ್ದು, ಅಡ್ಡಕ್ಕೆ ಉದ್ದ. ಚೌಕ ಪುಟವನ್ನು ಅದರಲ್ಲಿ ನ್ಯಾಯವಾಗಿ ತೋರಿಸಿದರೆ ಎಡಕ್ಕೂ ಬಲಕ್ಕೂ ಒಂದೊಂದು ಕಪ್ಪು ಪಟ್ಟಿ ಉಳಿಯುತ್ತದೆ. ಅದೇನೂ ದೋಷವಲ್ಲ. ಆದರೆ ಮೊದಲ ದಿನ ನೋಡಲು ಬಂದ ನಮ್ಮ ವಿಭಾಗದ ಸಾಹೇಬರಿಗೆ ಅದು ಸರಿಬರಲಿಲ್ಲ.

"ಏಮಂಡಿ, ಊಟಕ್ಕೆ ಕರೆದು ಎಲೆಯ ಎರಡು ತುದಿ ಖಾಲಿ ಬಿಟ್ಟು ಬಡಿಸಿದ ಹಾಗಿದೆಯಲ್ಲ ಇದು," ಎಂದರು. ನಮ್ಮಲ್ಲಿ ಮಾತೆಲ್ಲ ತೆಲುಗು, ನಡುನಡುವೆ ಇಂಗ್ಲಿಷು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಅದೂ ಕಪ್ಪು. ಸಂತಾಪದ ಜಾಹೀರಾತಿನ ಥರ."

"ಅದು ಹಾಗೇ ಇರಬೇಕು ಸಾರ್" ಎಂಬ ನಾಲ್ಕು ಪದಗಳು ನನ್ನ ಗಂಟಲಿನವರೆಗೆ ಬಂದವು. ಬಾಯಿಂದ ಬಂದದ್ದು, "ಮಾಡ್ತೀನಿ ಸಾರ್." ರಿಮೋಟಿನಲ್ಲಿ ಆಸ್ಪೆಕ್ಟ್ ಎಂಬ ಒಂದು ಗುಂಡಿ ಇರುತ್ತದೆ. ಒತ್ತಿದರೆ ಆಟೊ, ಫುಲ್, ಜೂಮ್ ಎಂದು ಒಂದೊಂದಾಗಿ ಬರುತ್ತವೆ. ನಾನು ಫುಲ್ ಮಾಡಿದೆ. ಪುಟವನ್ನು ಎರಡು ಕಡೆಯಿಂದ ಹಿಡಿದು ಜಗ್ಗಿದ ಹಾಗೆ ಪರದೆ ಪೂರ್ತಿ ತುಂಬಿತು. ಸಾಹೇಬರು ಖುಷಿಯಾದರು.

ಮರುದಿನ ಖುಷಿ ಇಳಿಯಿತು. ಪ್ರತಿ ಪಾಠದ ಮೊದಲ ಪುಟದಲ್ಲಿ ಸಾಹೇಬರ ಫೋಟೊ, ಕೆಳಗೆ ಅವರ ಸಂದೇಶ. ಜಗ್ಗಿದ ಪರದೆಯಲ್ಲಿ ಅವರ ಮುಖ ಜೋಳದ ರೊಟ್ಟಿಯಷ್ಟು ಅಗಲವಾಗಿತ್ತು. ಅವರು ಬಹಳ ಹೊತ್ತು ನೋಡಿ, "ನಾನು ಹೀಗಿದ್ದೀನಾ?" ಎಂದು ಮೆಲ್ಲಗೆ ಕೇಳಿದರು.

ಈಗ ನನ್ನ ಮುಂದೆ ಎರಡು ದಾರಿ ಇದ್ದವು. ಕಪ್ಪು ಪಟ್ಟಿಗಳನ್ನು ವಾಪಸು ತರುವುದು, ಇಲ್ಲವೇ ಪಾಠದ ಪುಟಗಳನ್ನೇ ಹೊಸ ಆಕಾರಕ್ಕೆ ಬದಲಿಸುವುದು. ಮೊದಲನೆಯದಕ್ಕೆ ಧೈರ್ಯ ಬೇಕು. ಎರಡನೆಯದಕ್ಕೆ ಸಹಿಗಳು ಬೇಕು. ಔಷಧ ಕಾರ್ಖಾನೆಯಲ್ಲಿ ಪಾಠದ ಪುಟವೂ ದಾಖಲೆಯೇ. ಪುಟದ ಅಳತೆ ಬದಲಾದರೂ ಯಾಕೆ ಬದಲಾಯಿತೆಂದು ಬರೆದು ನಾಲ್ಕು ವಿಭಾಗಗಳ ಸಹಿ ಪಡೆಯಬೇಕು. ಯಾಕೆ ಎಂಬಲ್ಲಿ ಏನು ಬರೆಯಲಿ? ಸಾಹೇಬರು ದಪ್ಪ ಕಾಣುತ್ತಾರೆಂದೇ?

ನಾನು ಮೂರನೆಯ ದಾರಿ ಹುಡುಕಿದೆ. ಪ್ರೊಜೆಕ್ಟರ್ ಎಷ್ಟು ಜಗ್ಗುತ್ತದೋ ಲೆಕ್ಕ ಹಾಕಿ, ಅಷ್ಟೇ ಪ್ರಮಾಣದಲ್ಲಿ ಫೋಟೊವನ್ನು ಮೊದಲೇ ಅಮುಕಿಬಿಟ್ಟೆ. ಎತ್ತರ ಹಾಗೇ, ಅಗಲ ಮಾತ್ರ ಮುಕ್ಕಾಲು. ಕಂಪ್ಯೂಟರಿನಲ್ಲಿ ಸಾಹೇಬರು ಕ್ಷಯ ಹಿಡಿದವರಂತೆ ಕಂಡರು. ಪರದೆಯ ಮೇಲೆ ಬಿದ್ದಾಗ ಎಷ್ಟು ಬೇಕೋ ಅಷ್ಟೇ ಇದ್ದರು. ಅವತ್ತಿನ ನೆಮ್ಮದಿ ನನಗಿನ್ನೂ ನೆನಪಿದೆ. ಆಮೇಲೆ ಕೈ ತೊಳೆಯುವ ಚಿತ್ರ, ಗೌನು ತೊಟ್ಟವರ ಚಿತ್ರ, ಮಾತ್ರೆಗಳ ಚಿತ್ರ ಎಲ್ಲವನ್ನೂ ವರ್ಷವರ್ಷದ ಪರಿಷ್ಕರಣೆಯ ನೆಪದಲ್ಲಿ ಒಂದೊಂದಾಗಿ ಅಮುಕುತ್ತ ಹೋದೆ. ಸಹಿ ಹಾಕುವವರು ಓದುತ್ತಿದ್ದುದು ಅಕ್ಷರಗಳನ್ನು, ಚಿತ್ರಗಳನ್ನಲ್ಲ. ಒಂದು ತಪ್ಪಿನ ಮೇಲೆ ಅದಕ್ಕೆ ಸರಿಯಾಗಿ ಕೂರುವ ಇನ್ನೊಂದು ತಪ್ಪು, ನೋಡುವವರಿಗೆ ಎಲ್ಲ ಸರಿ.

ಇದನ್ನು ಬಲ್ಲವಳು ಹೆಂಡತಿ ಒಬ್ಬಳೇ. "ಹೇಳಿಬಿಡ್ರಿ ಒಮ್ಮೆ," ಎನ್ನುತ್ತಿದ್ದಳು. "ಏನು ಗಲ್ಲಿಗೇರಿಸ್ತಾರ?" ನಾನು ಗಲ್ಲನ್ನು ಬಿಟ್ಟು ಉಳಿದ ಎಲ್ಲ ಸಾಧ್ಯತೆಗಳನ್ನೂ ಹೇಳಿ ಮುಗಿಸುವಷ್ಟರಲ್ಲಿ ಆಕೆ ಅಡುಗೆಮನೆಗೆ ಹೋಗಿರುತ್ತಿದ್ದಳು.

ವಿಜಯವಾಡಕ್ಕೆ ಹೋದಾಗ ಆ ಪಾಠಗಳ ಪ್ರತಿಗಳೇ ನನ್ನ ಜೊತೆ ಹೋದವು. ಹಳೆಯ ಲ್ಯಾಪ್‌ಟಾಪೂ ಹೋಯಿತು. ಅಲ್ಲಿಯ ಪ್ರೊಜೆಕ್ಟರೂ ಅಡ್ಡಕ್ಕೆ ಉದ್ದದ್ದೇ. ಅಲ್ಲಿ ನನ್ನ ಜಾಗ ತುಂಬಬೇಕಾಗಿದ್ದವಳು ಅದೇ ಊರಿನ ಒಬ್ಬ ಕಿರಿಯ ಸಹೋದ್ಯೋಗಿ, ಫಾರ್ಮಸಿ ಓದಿದವಳು, ಚುರುಕು. ನನಗಿಂತ ಚೆನ್ನಾಗಿ ಪಾಠ ಹೇಳುತ್ತಿದ್ದಳು. ಆದರೆ ನಾನು ರಜೆ ಹಾಕಿದ ದಿನವೆಲ್ಲ ಫೋನು ಬರುತ್ತಿತ್ತು: "ಸಾರ್, ಚಿತ್ರ ಎಲ್ಲ ಸಣಕಲಾಗಿ ಬರ್ತಿದೆ." ನಾನು ರೈಲಿನಲ್ಲಿ ಕೂತು, "ಆಸ್ಪೆಕ್ಟ್ ಒತ್ತಿ, ಫುಲ್ ಬರೋವರೆಗೆ ಒತ್ತಿ," ಎನ್ನುತ್ತಿದ್ದೆ. ಯಾಕೆ ಎಂದು ಹೇಳುತ್ತಿರಲಿಲ್ಲ. ಈ ಫೋನುಗಳ ಸುದ್ದಿ ವಿಶಾಖಕ್ಕೆ ಮುಟ್ಟಿ, ಸಾಹೇಬರು ತೀರ್ಮಾನಿಸಿದರು: "ನೀವಿಲ್ಲದೆ ಅಲ್ಲಿ ನಡೆಯೋದಿಲ್ಲ ಅಂಡಿ. ಇನ್ನೊಂದು ತಿಂಗಳು ಇರಿ."

ನಿಜ ಹೇಳಬೇಕೆಂದರೆ ಮೊದಲ ಸಲ ಆ ಮಾತು ಕೇಳಿ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಐದನೆಯ ಸಲ ಕೇಳಿದಾಗ ಇಲಿ ಬೋನಿನಲ್ಲಿ ಕೂತು ಬೋನು ಎಷ್ಟು ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡ ಹಾಗಾಯಿತು.

ಅಷ್ಟರಲ್ಲಿ ಮನೆಯಲ್ಲಿ ಒಂದು ಬದಲಾವಣೆ ಶುರುವಾಗಿತ್ತು. ಮಗಳು ಶಾಲೆಯಲ್ಲಿ, ಗೆಳತಿಯರೊಂದಿಗೆ, ಅಂಗಡಿಯಲ್ಲಿ ತೆಲುಗು ಆಡುವವಳು. ಕನ್ನಡ ಆಡುತ್ತಿದ್ದುದು ಹೆಚ್ಚಾಗಿ ನನ್ನ ಜೊತೆ ಜಗಳಕ್ಕೆ. ಜಗಳವಾಡಲು ನಾನೇ ಇಲ್ಲದ ಮೇಲೆ ಅದೂ ಸವೆಯಿತು. ವೀಡಿಯೊ ಕರೆಯಲ್ಲಿ ಒಂದು ದಿನ, "ನಾನ್ನ, ಎಪ್ಪುಡು ವಸ್ತಾರು?" ಎಂದಳು. ಅಪ್ಪ ಯಾವಾಗ ಬರ್ತೀರಿ ಎಂದು ಅರ್ಥ. ತೆಲುಗಿನಲ್ಲಿ ಅಪ್ಪನಿಗೆ ಬಹುವಚನ. ನನ್ನನ್ನು ಹದಿನೈದು ವರ್ಷ ಏಕವಚನದಲ್ಲಿ ಬೈದವಳ ಬಾಯಲ್ಲಿ ಆ ಮರ್ಯಾದೆ ಕೇಳಿ, ಹೊರಗಿನವನಾದೆ ಅನ್ನಿಸಿತು. ಅವತ್ತು ನಿರ್ಧರಿಸಿದೆ, ಹೇಗಾದರೂ ಮಾಡಿ ವಾಪಸು ಹೋಗಬೇಕು.

ಸಾಹೇಬರನ್ನು ಕೇಳಿಕೊಂಡೆ. ಅವರು ಒಂದು ಶರತ್ತು ಹಾಕಿದರು. ತಾವೇ ವಿಜಯವಾಡಕ್ಕೆ ಬರುತ್ತಾರೆ. ಆ ಕಿರಿಯ ಸಹೋದ್ಯೋಗಿ ಒಬ್ಬಳೇ ಒಂದು ದಿನದ ಪಾಠ ನಡೆಸಬೇಕು. ನಾನು ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು. ಪಾಠ ಸುಸೂತ್ರವಾಗಿ ಮುಗಿದರೆ ನಾನು ಮನೆಗೆ. ಇಲ್ಲವಾದರೆ ಇನ್ನೊಂದು ವರ್ಷ ಅಲ್ಲೇ.

ಆ ವಾರ ವಿಶಾಖಕ್ಕೆ ಹೋದಾಗ ಸಿಂಹಾಚಲದ ಬೆಟ್ಟ ಹತ್ತಿ ಬಂದೆ. ಅಲ್ಲಿಯ ಸ್ವಾಮಿ ವರ್ಷವಿಡೀ ಗಂಧದ ಲೇಪದೊಳಗೇ ಇರುತ್ತಾನೆ; ನಿಜರೂಪದ ದರ್ಶನ ವರ್ಷಕ್ಕೊಂದೇ ದಿನ. ನಾನು ಬೇಡಿಕೊಂಡದ್ದು ಅದಕ್ಕಿಂತ ಸಣ್ಣದು. ನನ್ನ ಚಿತ್ರಗಳ ನಿಜರೂಪ ಆ ಒಂದು ದಿನ ಕಾಣದಿರಲಿ ಎಂದು.

ದೇವರ ಮೇಲೆ ಭಾರ ಹಾಕಿ ಸುಮ್ಮನಿರುವ ಸ್ವಭಾವ ನನ್ನದಲ್ಲ. ರಿಮೋಟಿನ ಬೆನ್ನಿಗೆ ಚೀಟಿ ಅಂಟಿಸಿದೆ: "ಆಸ್ಪೆಕ್ಟ್: ಫುಲ್. ಬೇರೇನೂ ಮುಟ್ಟಬೇಡಿ." ಬ್ಯಾಟರಿ ಸತ್ತರೆ ಎಂದು ಇನ್ನೊಂದು ಜೊತೆ, ಆ ಜೊತೆಯೂ ಸತ್ತರೆ ಎಂದು ಮತ್ತೊಂದು ಜೊತೆ ತಂದಿಟ್ಟೆ. ರಿಮೋಟೇ ಕೆಟ್ಟರೆ ಎಂದು ಅಂಥದ್ದೇ ಇನ್ನೊಂದು ರಿಮೋಟು ಕೊಂಡು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೆ. ಎಲ್ಲ ಅನಾಹುತಗಳನ್ನೂ ಯೋಚಿಸಿದ್ದೆ. ಆಕೆ ಬುದ್ಧಿವಂತೆ ಎಂಬ ಒಂದನ್ನು ಬಿಟ್ಟು.

ಆ ದಿನ ಬೆಳಗ್ಗೆ ಸಾಹೇಬರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಇಪ್ಪತ್ತು ಜನ ಹೊಸಬರು. ನಾನು ಕೊನೆಯ ಬೆಂಚಿನಲ್ಲಿ, ಗೋಡೆಗೂ ಬೆಂಚಿಗೂ ನಡುವೆ ಸಿಕ್ಕಿಕೊಂಡು. ದೀಪ ಆರಿತು. ಮೊದಲ ಪುಟ ಬಿತ್ತು. ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ, ನಡುವೆ ಅಚ್ಚುಕಟ್ಟಾದ ಅಕ್ಷರಗಳು, ಮೇಲೆ ನೀಳವಾದ ಸಾಹೇಬರು.

ಆಕೆ ಚೀಟಿಯನ್ನು ಕಿತ್ತುಹಾಕಿದ್ದಳು. ಹಿಂದಿನ ಸಂಜೆ ಒಬ್ಬಳೇ ಕೂತು ಪ್ರೊಜೆಕ್ಟರಿನ ಕೈಪಿಡಿ ಓದಿ, ಫುಲ್ ಎಂಬುದು ಅಕ್ಷರಗಳನ್ನು ಅಗಲ ಮಾಡುತ್ತದೆ, ಆದ್ದರಿಂದ ತಪ್ಪು ಎಂದು ಕಂಡುಕೊಂಡು ಆಟೊಗೆ ಇಟ್ಟಿದ್ದಳು. ಅಕ್ಷರಗಳನ್ನು ಅಷ್ಟು ಲಕ್ಷ್ಯವಿಟ್ಟು ನೋಡಿದ್ದವಳು, ಚಿತ್ರ ಸಣಕಲಾಗುವುದು ನನ್ನ ಹಳೆಯ ಕಂಪ್ಯೂಟರಿನ ದೋಷವೆಂದುಕೊಂಡು ಅವುಗಳ ತಂಟೆಗೆ ಹೋಗಿರಲಿಲ್ಲ.

"ಎರಡು ಕಡೆ ಕಪ್ಪು ಬಂದಿದೆಯಲ್ಲ," ಎಂದರು ಸಾಹೇಬರು.

"ಅದು ಹಾಗೇ ಇರಬೇಕು ಸಾರ್," ಎಂದಳು ಆಕೆ. "ಪಾಠದ ಆಕಾರವೇ ಅದು."

"ಓಹೋ," ಎಂದು ಸಾಹೇಬರು ಕುರ್ಚಿಗೆ ಒರಗಿದರು.

ಅಷ್ಟೇ. ಆರು ವರ್ಷ ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದ ವಾಕ್ಯ ಆಕೆಯ ಬಾಯಿಂದ ಕೆಮ್ಮಿದಷ್ಟು ಸುಲಭವಾಗಿ ಬಂತು, ಏನೂ ಆಗಲಿಲ್ಲ.

ಕೈ ತೊಳೆಯುವ ಪುಟದಲ್ಲಿ ಬೆರಳುಗಳು ಬೆಂಡೆಕಾಯಿಯಂತೆ ಉದ್ದವಾಗಿದ್ದವು. ಹೊಸಬರು ಅದನ್ನೇ ನೋಡಿ ಹಾಳೆಯಲ್ಲಿ ಬರೆದುಕೊಂಡರು. ಆಮೇಲೆ ಮಾತ್ರೆಗಳ ಪಾಠ ಬಂತು. ಅದಕ್ಕೂ ಮುಂಚೆ ಎಲ್ಲರ ಕೈಗೂ ನಿಜವಾದ ಒಂದು ಮಾತ್ರೆ ಕೊಟ್ಟು, ಒಳ್ಳೆಯ ಮಾತ್ರೆ ಹೀಗೆ ಪೂರ್ತಿ ಗುಂಡಗೆ ಇರುತ್ತದೆ, ಆಕಾರ ಸ್ವಲ್ಪ ಕೆಟ್ಟಿದ್ದರೂ ಪ್ಯಾಕಿಗೆ ಹೋಗಬಾರದು ಎಂದು ತೋರಿಸುತ್ತೇವೆ. ನಂತರ ಪರದೆಯ ಮೇಲೆ ಹನ್ನೆರಡು ಮಾತ್ರೆ. ಒಳ್ಳೆಯವು ಯಾವು, ಕೆಟ್ಟವು ಯಾವು, ಹಾಳೆಯಲ್ಲಿ ಗುರುತು ಹಾಕಬೇಕು.

ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನ ಮಾತ್ರೆಯನ್ನೂ ಪರದೆಯನ್ನೂ ಎರಡು ಸಲ ನೋಡಿ, "ಮೇಡಂ, ಇದರಲ್ಲಿ ಒಂದೂ ಒಳ್ಳೆಯದಿಲ್ಲ," ಎಂದಳು. "ಎಲ್ಲಾ ಮೊಟ್ಟೆ ಥರ ಇವೆ."

ಪಾಠ ಎಷ್ಟು ಚೆನ್ನಾಗಿ ತಲೆಗೆ ಹೋಗಿತ್ತೆಂದರೆ ಇಪ್ಪತ್ತು ಜನರೂ ಹನ್ನೆರಡು ಮಾತ್ರೆಗಳನ್ನೂ ಕೆಟ್ಟವೆಂದು ಬರೆದಿದ್ದರು. ಸಾಹೇಬರು ಕೊರಳು ವಾಲಿಸಿ ಪರದೆ ನೋಡಿದರು. ಆಕೆ ಗಾಬರಿಯಾಗಿ ನನ್ನ ಕಡೆ ನೋಡಿದಳು.

ಜೇಬಿನಲ್ಲಿ ನನ್ನ ಹೆಬ್ಬೆರಳು ಆಸ್ಪೆಕ್ಟ್ ಗುಂಡಿಯ ಮೇಲಿತ್ತು. ರಿಮೋಟನ್ನು ಹೊರಗೆಳೆದು, ಬೆಂಚಿನ ಕೆಳಗಿಂದ ಮೆಲ್ಲನೆ ತಿರುಗಿಸಿ ಒತ್ತಿದೆ. ಮಾತ್ರೆಗಳು ಗುಂಡಗಾದವು.

"ಈಗ ಸರಿಹೋಯ್ತು," ಎಂದರು ಸಾಹೇಬರು.

ಆಕೆ ಪರದೆಯ ಕಡೆ ತಿರುಗಿದಳು. ಅಕ್ಷರಗಳು ಅಗಲವಾಗಿದ್ದವು. ಸೆಟ್ಟಿಂಗ್ ತಾನಾಗಿ ಜಾರಿದೆ ಎಂದುಕೊಂಡು ತನ್ನ ರಿಮೋಟಿನಿಂದ ಮತ್ತೆ ಆಟೊ ಮಾಡಿದಳು. ಮಾತ್ರೆಗಳು ಮೊಟ್ಟೆಯಾದವು. ನಾನು ಒತ್ತಿದೆ, ಗುಂಡಗಾದವು. ಆಕೆ ಒತ್ತಿದಳು, ಮೊಟ್ಟೆ. ಹೊಸಬರಲ್ಲಿ ಒಬ್ಬ ತನ್ನ ಹಾಳೆಯಲ್ಲಿ ಉತ್ತರ ಹೊಡೆದು ಹಾಕಿ ಬರೆದ, ಮತ್ತೆ ಹೊಡೆದು ಹಾಕಿದ. ಇಬ್ಬರೂ ಅದೇ ಪರದೆಯನ್ನು ಸರಿಮಾಡುತ್ತಿದ್ದೆವು, ಇಬ್ಬರೂ ನಮ್ಮ ನಮ್ಮ ಲೆಕ್ಕದಲ್ಲಿ ಸರಿಯೇ.

ನಾಲ್ಕನೆಯ ಸಲಕ್ಕೆ ಆಕೆ ರಿಮೋಟನ್ನು ಮೇಜಿನ ಮೇಲಿಟ್ಟಳು. "ಸಾರಿ ಸಾರ್," ಎಂದಳು ಸಾಹೇಬರಿಗೆ. "ನಾನು ನಿನ್ನೆ ಸೆಟ್ಟಿಂಗ್ ಮುಟ್ಟಿದ್ದೆ. ನನ್ನಿಂದಲೇ ಏನೋ ಕೆಟ್ಟಿದೆ." ದನಿ ಸಣ್ಣಗಾಗಿತ್ತು. ಸಾಹೇಬರು ಡೈರಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ಅವರು ಏನು ಬರೆಯುತ್ತಾರೆಂದು ನನಗೆ ಗೊತ್ತಿತ್ತು. ಆಕೆ ಆಗುವುದಿಲ್ಲ ಎಂದು. ಅದರ ಕೆಳಗೆ, ಕಾಣದ ಹಾಗೆ, ನಾನು ಮನೆಗೆ ಹೋಗುವುದಿಲ್ಲ ಎಂದು. ಸುಮ್ಮನೆ ಕೂತರೂ ಸೋಲು, ಎದ್ದು ಹೋಗಿ ಎಲ್ಲರೆದುರು ಫುಲ್ ಒತ್ತಿದರೂ "ನೋಡಿದಿರಾ, ನೀವಿಲ್ಲದೆ ನಡೆಯೋದಿಲ್ಲ" ಎಂಬ ಅದೇ ಹಾಡು. ಬೋನಿಗೆ ಬಾಗಿಲು ಎಲ್ಲಿದೆ ಎಂದು ನನಗೆ ಮೊದಲಿಂದಲೂ ಗೊತ್ತಿತ್ತು. ಅದರ ಮುಂದೆ ನಾನೇ ಕೂತಿದ್ದೆ.

ನಾನು ಏಳಲು ಹೋದೆ. ಬೆಂಚು ಇಕ್ಕಟ್ಟಾಗಿತ್ತು, ಅರ್ಧ ಎದ್ದ ಭಂಗಿಯಲ್ಲೇ ಮಾತಾಡಬೇಕಾಯಿತು. "ಆಕೆಯದೇನೂ ತಪ್ಪಿಲ್ಲ ಸಾರ್. ಆಕೆ ಮಾಡಿದ್ದೇ ಸರಿ. ಚಿತ್ರಗಳೇ ತಪ್ಪು. ಎಲ್ಲವನ್ನೂ ನಾನು ಮುಕ್ಕಾಲು ಮಾಡಿದ್ದೇನೆ." ಕೈಯಲ್ಲಿದ್ದ ರಿಮೋಟನ್ನು ಬೆಂಚಿನ ಮೇಲಿಟ್ಟೆ.

ವಿಮಾನವೊಂದು ಇಳಿಯಿತು. ಎಲ್ಲರೂ ರೂಢಿಯಂತೆ ಕಾದರು.

"ಎಷ್ಟು ದಿನದಿಂದ?" ಎಂದರು ಸಾಹೇಬರು.

"ಆರು ವರ್ಷ ಸಾರ್."

"ನನ್ನ ಫೋಟೊ?"

"ಶುರು ಮಾಡಿದ್ದೇ ಅದರಿಂದ ಸಾರ್."

ಅವರು ಮೊದಲ ಪುಟ ಹಾಕಲು ಹೇಳಿದರು. ಆಕೆ ಹಾಕಿದಳು. ಆಟೊದಲ್ಲಿ, ಕಪ್ಪು ಪಟ್ಟಿಗಳ ನಡುವೆ, ತೆಳ್ಳಗೆ ನಿಂತಿದ್ದ ತಮ್ಮನ್ನು ಅವರು ಬಹಳ ಹೊತ್ತು ನೋಡಿದರು. ನಾನು ಅರ್ಧ ಎದ್ದೇ ಇದ್ದೆ. ಕೂರಲು ಯಾರೂ ಹೇಳಿರಲಿಲ್ಲ.

"ಇದು ಪರವಾಗಿಲ್ಲ," ಎಂದರು ಕೊನೆಗೆ. "ಇದೊಂದನ್ನ ಹೀಗೇ ಬಿಡಿ."

ನಮ್ಮಲ್ಲಿ ತಪ್ಪಿಗೂ ಒಂದು ಫಾರ್ಮ್ ಇದೆ. ಅದನ್ನು ಡೀವಿಯೇಷನ್ ಎನ್ನುತ್ತಾರೆ. ಏನಾಯಿತು, ಯಾಕಾಯಿತು, ಹೇಗೆ ಸರಿಮಾಡುತ್ತೀರಿ, ಯಾರು ಮಾಡುತ್ತಾರೆ, ಎಷ್ಟು ದಿನದಲ್ಲಿ. ಆ ಮಧ್ಯಾಹ್ನ ಸಾಹೇಬರು ನನ್ನೆದುರೇ ಅದನ್ನು ತೆರೆದರು. "ಯಾಕಾಯಿತು" ಎಂಬಲ್ಲಿ ನಾನು "ಭಯ" ಎಂದು ಬರೆದೆ. ಅವರು ಅದನ್ನು ಹೊಡೆದು "ತರಬೇತಿಯ ಕೊರತೆ" ಎಂದು ತಿದ್ದಿದರು. ತರಬೇತುದಾರನಿಗೆ ತರಬೇತಿಯ ಕೊರತೆ. ನಾನು ಸಹಿ ಹಾಕಿದೆ.

"ಯಾರು ಮಾಡುತ್ತಾರೆ" ಎಂಬಲ್ಲಿ ಇಬ್ಬರೂ ತಡೆದೆವು. ಮೂಲ ಪಾಠಗಳು ವಿಶಾಖದ ದಾಖಲೆ ಕೋಣೆಯಲ್ಲಿವೆ, ಅಲ್ಲಿಂದ ಹೊರಗೆ ಒಂದು ಪುಟವೂ ಹೋಗುವಂತಿಲ್ಲ. ತಿದ್ದುವವನು ಅಲ್ಲಿಗೇ ಹೋಗಿ ಕೂರಬೇಕು. ಅಮುಕಿದವನಿಗೇ ಯಾವುದನ್ನು ಎಷ್ಟು ಅಮುಕಿದೆ ಎಂದು ಗೊತ್ತಿರುವುದು.

"ಹೋಗಿ ಹಾಗಾದರೆ," ಎಂದರು ಸಾಹೇಬರು. "ಇಲ್ಲಿಯದನ್ನ ಈ ಅಮ್ಮಾಯಿ ನೋಡಿಕೊಳ್ತಾಳೆ. ನಿಮಗೆ ಮೂರು ತಿಂಗಳು."

ಹೊರಡುವ ದಿನ ಆಕೆ ನನಗೆ ಎರಡನೆಯ ರಿಮೋಟನ್ನು ವಾಪಸು ಕೊಟ್ಟಳು. "ಇದು ನಿಮ್ಮದು ಸಾರ್. ನನಗೆ ಒಂದು ಸಾಕು," ಎಂದಳು. ಅದರಲ್ಲಿ ಕೊಂಚ ಕೋಪ ಇತ್ತು, ನ್ಯಾಯವಾದದ್ದೇ. ಕೋಣೆಗೆ ಕೊನೆಯ ಸಲ ಹೋದಾಗ ಮೂರು ಕಿಟಕಿಗಳಲ್ಲಿ ಒಂದರ ಮೊಳೆ ಆಗಲೇ ಕಿತ್ತಿದ್ದಳು. ಚಿತ್ರವೇನೂ ಮಂಕಾಗಿರಲಿಲ್ಲ.

ಹೆಂಡತಿಗೆ ಮೂರು ತಿಂಗಳ ಕೆಲಸ ಎಂದಾಗ, "ಹಂಗಂದ್ರ ಒಂದು ವರ್ಷ ಮನಿಯಾಗ ಇರ್ತೀರಿ," ಎಂದಳು. ಲೆಕ್ಕ ಅವಳದೇ ಸರಿ ಅನ್ನಿಸುತ್ತದೆ. ದಾಖಲೆ ಕೋಣೆಗೆ ಕಿಟಕಿಯೇ ಇಲ್ಲ, ತೇವ ಬರುತ್ತದೆಂದು. ದಿನವಿಡೀ ಅಲ್ಲಿ ಕೂತು ಒಂದೊಂದೇ ಕೈ, ಒಂದೊಂದೇ ಮುಖ, ಒಂದೊಂದೇ ಮಾತ್ರೆಯನ್ನು ಅಂಚು ಹಿಡಿದು ಅದರ ಅಗಲಕ್ಕೆ ಎಳೆಯುತ್ತೇನೆ. ಪ್ರತಿಯೊಂದಕ್ಕೂ ನಾಲ್ಕು ಸಹಿ. ನಂಬಿಕೆ ಸಾಲದೆ ಪರದೆಗೆ ಸ್ಕೇಲು ಹಿಡಿದು ಅಳೆಯುತ್ತೇನೆ. ಸಂಜೆ ಮನೆಗೆ ಹೋದರೆ ಮಗಳು ಬಾಗಿಲು ತೆಗೆದು, ನಾನು ಚಪ್ಪಲಿಯನ್ನು ಅಡ್ಡ ಬಿಟ್ಟಿದ್ದಕ್ಕೆ ಕನ್ನಡದಲ್ಲಿ ಬೈಯುತ್ತಾಳೆ, ನಡುವೆ ಎರಡು ತೆಲುಗು ಪದ. ಏಕವಚನದಲ್ಲಿ.

ಚಿಂತೆ ಈಗ ಒಂದೇ ಒಂದು ಪುಟದ್ದು. ತಿದ್ದದೆ ಬಿಟ್ಟ ಚಿತ್ರಗಳಿಗೆ ಫಾರ್ಮಿನಲ್ಲಿ ಬೇರೆ ಅಂಕಣವಿದೆ: "ತಿದ್ದದಿರಲು ಕಾರಣ." ಅಲ್ಲಿ ಇರುವುದು ಒಂದೇ ಚಿತ್ರ, ಸಾಹೇಬರದು, ಮುಕ್ಕಾಲು ಅಗಲದ್ದು. ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ನಿನ್ನೆ ಮಗಳನ್ನು ಕೇಳಿದೆ. ಹೋಮ್‌ವರ್ಕಿನಿಂದ ತಲೆ ಎತ್ತದೆ, "ಇರೋದನ್ನ ಬರಿ ಅಪ್ಪ," ಎಂದಳು.

ಇವತ್ತು ಬೆಳಗ್ಗೆ ಬರೆದೆ: "ಸಾಹೇಬರು ಹೀಗೇ ಇರಲಿ ಅಂದರು." ಸಹಿಗೆ ಕಳಿಸಿದ್ದೇನೆ. ಇನ್ನೂ ವಾಪಸು ಬಂದಿಲ್ಲ.